ಗಾಳಿಗೆ ಬೆಳೆ ಮಲಗಿದರೆ ಸರ್ಕಾರದ ಲೆಕ್ಕಕ್ಕೆ ಯಾಕೆ ಬರಲ್ಲ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿದ್ದನ್ನು ಎಲ್ಲರೂ ನೋಡಿದರು. ಪ್ರವಾಹ ಗೋಡೆಯ ಮೇಲೆ ಗೆರೆ ಬಿಟ್ಟು ಹೋಗುತ್ತದೆ, ಸಮೀಕ್ಷೆಗೆ ಬಂದವರಿಗೆ ಅದೇ ಸಾಕ್ಷಿ. ಆದರೆ ಅದೇ ಬಾದಾಮಿ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆ ಹತ್ತು-ಹದಿನೈದು ನಿಮಿಷ ಬೀಸಿ ಹೋಗುವ ಬಿರುಗಾಳಿ? ಬಾಳೆ ಮಲಗುತ್ತೆ, ಮನೆ ಮೇಲಿನ ಪತ್ರಾಸ್ ಹಾರುತ್ತೆ, ಹೆಸ್ಕಾಂ ಕಂಬ ಮುರಿಯುತ್ತೆ. ಪಕ್ಕದ ಊರಲ್ಲಿ ಎಲೆಯೂ ಅಲ್ಲಾಡಿರಲ್ಲ.

ಇದರಲ್ಲಿ ನಿಗೂಢ ಏನೂ ಇಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇರಿದ ಗಾಳಿ ದೊಡ್ಡ ಮೋಡವಾಗುತ್ತದೆ. ಅದರಿಂದ ಸುರಿಯುವ ಮಳೆ ಕೆಳಗಿನ ಒಣಹವೆಯಲ್ಲಿ ಅರ್ಧದಾರಿಗೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತದೆ. ತಂಪಾದ ಗಾಳಿ ಭಾರ. ಅದು ಧೊಪ್ಪನೆ ಕೆಳಗಿಳಿದು, ನೆಲಕ್ಕೆ ಬಡಿದು, ಸುತ್ತ ಚಿಮ್ಮುತ್ತದೆ. 1975ರಲ್ಲಿ ನ್ಯೂಯಾರ್ಕಿನಲ್ಲಿ ವಿಮಾನವೊಂದು ಬಿದ್ದಾಗ ವಿಜ್ಞಾನಿ ಟೆಟ್ಸುಯಾ ಫುಜಿತಾ ಹಿಡಿದದ್ದು ಇದನ್ನೇ. ಇಂಥ ಕೆಲವು ಹೊಡೆತಗಳ ಅಗಲ ನಾಲ್ಕು ಕಿಲೋಮೀಟರ್ ಕೂಡ ಇರುವುದಿಲ್ಲ.

ಎಂಜಿನಿಯರಿಂಗ್ ಓದಿದ್ದು ನನಗೆ ಉಪಯೋಗಕ್ಕೆ ಬರುವುದು ಅಪರೂಪ, ಇಲ್ಲಿ ಬಂತು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚದರ ಮೀಟರಿಗೆ ಸುಮಾರು 30 ಕೆ.ಜಿ. ಒತ್ತಡ ಬೀಳುತ್ತದೆ. ಹಾರದಿರಲಿ ಅಂತ ಪತ್ರಾಸಿನ ಮೇಲೆ ನಾಲ್ಕು ಕಲ್ಲು ಹೇರುತ್ತೇವಲ್ಲ, ಅದಕ್ಕೆ ಈ ಗಾಳಿ ಬಗ್ಗುವುದಿಲ್ಲ.

ಈಗ ಪರಿಹಾರದ ಮಾತು. ಕೇಂದ್ರದ 2022-26ರ ಮಾನದಂಡದಲ್ಲಿ ಚಂಡಮಾರುತ, ಬರ, ಪ್ರವಾಹ, ಆಲಿಕಲ್ಲು, ಮೇಘಸ್ಫೋಟ ಸೇರಿ 12 ವಿಪತ್ತುಗಳ ಪಟ್ಟಿ ಇದೆ. ಗುಡುಗುಮೋಡದ ಗಾಳಿ ಅದರಲ್ಲಿಲ್ಲ. ಸಮುದ್ರದಿಂದ ಬಂದರೆ ವಿಪತ್ತು, ತಲೆಮೇಲಿನ ಮೋಡದಿಂದ ಬಂದರೆ ಹಣೆಬರಹ! ಹೀಗಾಗಿ ಗಾಳಿ ಜೊತೆ ಆಲಿಕಲ್ಲು ಬಿದ್ದಿತ್ತಾ ಅನ್ನೋದೇ ರೈತನ ಪಾಲಿಗೆ ದೊಡ್ಡ ಪ್ರಶ್ನೆ. ಪಟ್ಟಿಯೊಳಗೆ ಸೇರಿದರೂ ಶೇ 33ರಷ್ಟು ಬೆಳೆ ಹಾಳಾಗಿರಬೇಕು. ಆಗ ನೀರಾವರಿ ಜಮೀನಿಗೆ ಹೆಕ್ಟೇರಿಗೆ 17,000 ರೂಪಾಯಿ, ಎಕರೆ ಲೆಕ್ಕದಲ್ಲಿ 6,900ರ ಆಸುಪಾಸು. ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ.

ಫಸಲ್ ಬಿಮಾದಲ್ಲಿ ಇನ್ನೊಂದು ಕೊಕ್ಕೆ. ಒಬ್ಬನೇ ರೈತನ ಹೊಲ ನೋಡಿ ಪರಿಹಾರ ಕೊಡುವ ಸ್ಥಳೀಯ ವಿಪತ್ತುಗಳಲ್ಲಿ ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವೆ. 72 ಗಂಟೆಯೊಳಗೆ ತಿಳಿಸಬೇಕು. ಬರೀ ಗಾಳಿಗೆ ಬಿದ್ದ ಗೋವಿನಜೋಳಕ್ಕೆ ಆ ದಾರಿ ಇಲ್ಲ. ಅದು ಇಡೀ ಪಂಚಾಯಿತಿಯ ಸರಾಸರಿ ಇಳುವರಿಯಲ್ಲಿ ಕರಗುತ್ತದೆ. ಇಪ್ಪತ್ತು ಹೊಲ ನೆಲಕಚ್ಚಿ ಉಳಿದವು ಚೆನ್ನಾಗಿದ್ದರೆ ಸರಾಸರಿಯೂ ಚೆನ್ನಾಗೇ ಇರುತ್ತೆ.

ಇದು ಬದಲಾಗದ ವಿಷಯವೇನಲ್ಲ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಶೇ 10ರವರೆಗೆ ರಾಜ್ಯವೇ ಗುರುತಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು. ಕೇರಳ ಬಲವಾದ ಗಾಳಿಯನ್ನು ಹೀಗೆ ಸೇರಿಸಿಕೊಂಡಿದೆ. ಕೇಂದ್ರವನ್ನು ಬೈಯುವುದು ಸುಲಭ, ಆದರೆ ಈ ಪ್ರಶ್ನೆ ಕೇಳಬೇಕಿರುವುದು ಮೊದಲು ವಿಧಾನಸೌಧವನ್ನೇ.

ಇನ್ನೊಂದು ಕೆಲಸ ಅಳತೆಯದ್ದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವುದು ಮಳೆಮಾಪಕ. ಗಾಳಿಯ ವೇಗ ಅಳೆಯುವ ಹವಾಮಾನ ಕೇಂದ್ರಗಳಿರುವುದು ಹೋಬಳಿ ಮಟ್ಟದಲ್ಲಿ. ನಾಲ್ಕು ಕಿಲೋಮೀಟರಿನ ಹೊಡೆತ ಆ ಯಂತ್ರದ ಕಣ್ಣಿಗೆ ಬೀಳದೆಯೇ ಹೋಗಬಹುದು. ಮಳೆಮಾಪಕದ ಕಂಬ, ಸೋಲಾರ್, ಸಿಮ್ ಎಲ್ಲ ಪಂಚಾಯಿತಿಯಲ್ಲಿ ಆಗಲೇ ಇದೆ. ಅಲ್ಲೇ ಒಂದು ಗಾಳಿಮಾಪಕವನ್ನೂ ಕೂರಿಸಿದರೆ, ಮಲಗಿದ ಬಾಳೆಯ ಫೋಟೋ ಹಿಡಿದು ತಹಶೀಲ್ದಾರ್ ಕಚೇರಿಗೆ ಹೋಗುವವರ ಕೈಯಲ್ಲಿ ಕೊನೇಪಕ್ಷ ಒಂದು ಅಂಕಿಯಾದರೂ ಇರುತ್ತೆ.