ಹುಲಿ ಯಾಕೆ ಸಾಯಬೇಕು? ಗಡಿಭಾಗದ ಮಕ್ಕಳೂ ಗೋವಿನ ಹಾಡೂ
ನಾನು ಪತ್ತಿಕೊಂಡದಿಂದ ಮಾತಾಡ್ತಿದ್ದೇನೆ. ನಮ್ಮ ಪಕ್ಕದ ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಈ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ.

ಕರುಣೆಯ ಪಾಠ ಅಂದಕೂಡಲೇ ನಮಗೆ ನೆನಪಾಗೋದು ‘ಗೋವಿನ ಹಾಡು’. ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿನಂತೆ ಮರಳಿ ಬಂದ ಪುಣ್ಯಕೋಟಿಯನ್ನು ಕಂಡು ಹುಲಿ ತಾನೇ ಪ್ರಾಣ ಬಿಡುತ್ತದೆ. ಮನೆಪಾಠದ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಒಬ್ಬ ಹುಡುಗಿ, “ಹುಲಿ ಸಾಯಂಗಿಲ್ಲ ಸರ್, ಆಕಳನ್ನ ಬಿಟ್ಟು ಕಳಸ್ತೈತೆ. ನಮ್ಮಜ್ಜಿ ಹಂಗೇ ಹೇಳ್ಯಾಳ” ಎಂದಳು. ನಾನು ತಪ್ಪು ಅಂದುಬಿಟ್ಟೆ. ಆ ವಾರವೆಲ್ಲ ಆಕೆ ಬಾಯಿ ಬಿಡಲಿಲ್ಲ.

ತಪ್ಪು ನನ್ನದು. ತೆಲುಗಿನಲ್ಲೂ ಇದೇ ಕತೆ ಇದೆ. 15ನೆಯ ಶತಮಾನದ ಅನಂತಾಮಾತ್ಯನ ‘ಭೋಜರಾಜೀಯಮು’ ಕಾವ್ಯದಲ್ಲಿ ಬರುವ ಹಸು–ಹುಲಿ ಸಂವಾದ ಪ್ರಸಿದ್ಧ. ಅಲ್ಲಿಯೂ ಹುಲಿ ಹಸುವನ್ನು ತಿನ್ನಲು ಒಪ್ಪುವುದಿಲ್ಲ. ಅಜ್ಜಿ ಹೇಳಿದ್ದು ಆ ಕಡೆಯ ಕತೆ. ಕರುಣೆಯ ಪಾಠ ಮಾಡುತ್ತಲೇ ನಾನು ಮಗುವಿನ ಮಾತಿಗೆ ಕಿವಿ ಮುಚ್ಚಿದ್ದೆ (ಇಷ್ಟು ಜನರೆದುರು ಹೇಳೋಕೆ ಸಂಕೋಚವೇ).

ಈಗ ಎರಡೂ ಕತೆ ಹೇಳಿ, ಹುಲಿ ಯಾಕೆ ಸಾಯಬೇಕು ಅಂತ ಕೇಳುತ್ತೇನೆ. ಸತ್ಯಕ್ಕೆ ಸೋತು ಸತ್ತಿತು ಅನ್ನುವವರೇ ಹೆಚ್ಚು. ಒಬ್ಬ ಮಾತ್ರ, “ಹಸಿವಾಗೋದು ಹುಲಿ ತಪ್ಪೇನ್ ಸರ್?” ಅಂದ. ಹಸುವಿನ ಮೇಲೆ ಕನಿಕರ ಹುಟ್ಟಿಸೋಕೆ ಹಾಡೊಂದೇ ಸಾಕು. ಹುಲಿಯ ಹೊಟ್ಟೆಯನ್ನು ನೆನೆಯಬೇಕಾದರೆ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತೆ. ಆ ಹುಡುಗಿ ಕಳೆದ ತಿಂಗಳು ಅಜ್ಜಿಯ ಕತೆಯನ್ನು ಪೂರ್ತಿ ಹೇಳಿದಳು, ತೆಲುಗಿನಲ್ಲೇ.