ಹೂಕುಂಡದಲ್ಲಿ ಹೂತಿಟ್ಟ ರೋಮನ್ ನಾಣ್ಯ

ಭಾನುವಾರ ಸಂಜೆ ಕೆ.ಆರ್. ಪುರದಿಂದ ಫೋನು. ತಂಗಿಯ ಮಗ, ಆರನೇ ಕ್ಲಾಸು. “ದೊಡ್ಡಮ್ಮ, ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದಾರೆ. ಪ್ರಾಚೀನ ಇತಿಹಾಸ. ಪಿರಮಿಡ್ ಮಾಡ್ತೀನಿ, ನಿಮ್ಮ ಕಡೆ ಥರ್ಮಾಕೋಲ್ ಸಿಗುತ್ತಾ?”

ಸಿಗದೇನು! ಹಲಸೂರು, ಶಿವಾಜಿನಗರದ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಥರ್ಮಾಕೋಲ್ ಇದೆ, ಬಂಗಾರದ ಬಣ್ಣ ಇದೆ. “ಪಿರಮಿಡ್ಡಾ, ಸೌರಮಂಡಲಾನಾ?” ಎಂದು ಅಂಗಡಿಯವರೇ ಕೇಳುತ್ತಾರೆ. ನಾನು ಮಾತು ತಿರುಗಿಸಿದೆ. “ಇಂದಿರಾನಗರದಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೆ ಎಚ್‌ಎಎಲ್ ಬರುತ್ತಲ್ಲ, ಅಲ್ಲಿ ಎರಡು ಸಾವಿರ ವರ್ಷದ ಹಳೇ ದುಡ್ಡು ಸಿಕ್ಕಿತ್ತು, ಗೊತ್ತಾ?”

“ದುಡ್ಡಾ?” ಪಿರಮಿಡ್ ಅಲ್ಲಿಗೆ ಕುಸಿಯಿತು.

ಮುಂದಿನ ಶನಿವಾರ ಮೆಟ್ರೊ ಹತ್ತಿ ಬಂದ. ಎರಡು ದಿನ ನಮ್ಮ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಮನೆಯಲ್ಲೇ ಸಿಗುವ ಸಾಮಾನಿನಲ್ಲಿ ಮಾಡಿದ ಮೂರು ಕೆಲಸಗಳನ್ನು ಇಲ್ಲಿ ಹೇಳುತ್ತೇನೆ. ನಮಗೆ ಎಲ್ಲಿ ಕೆಟ್ಟಿತು ಅನ್ನುವುದನ್ನೂ ಬಿಡುವುದಿಲ್ಲ. ಮಗು ಹೆಚ್ಚು ಕಲಿತದ್ದು ಅಲ್ಲೇ.

ಪಾರ್ಸೆಲ್ ಡಬ್ಬಿಯ ದೆನಾರಿಯಸ್

1891ರಲ್ಲಿ ಯಶವಂತಪುರದ ಹತ್ತಿರ, 1965ರಲ್ಲಿ ಎಚ್‌ಎಎಲ್ ಪ್ರದೇಶದಲ್ಲಿ ದೆನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಕರಿಮೆಣಸು, ಹತ್ತಿಬಟ್ಟೆ, ರತ್ನಗಳಿಗಾಗಿ ರೋಮನ್ನರು ಬೆಳ್ಳಿ ಬಂಗಾರ ಸುರಿಯುತ್ತಿದ್ದ ದಿನಗಳವು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ಇಂಡಿಯಾದ ಪಾಲಾಗುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದೂ ಆಗಲೇ.

ಹೋಟೆಲಿನಿಂದ ಊಟ ತರಿಸಿದಾಗ ಬರುವ ಅಲ್ಯೂಮಿನಿಯಂ ಡಬ್ಬಿಯನ್ನು ತೊಳೆದು, ತಳದ ತಗಡನ್ನು ಕತ್ತರಿಸಿಕೊಳ್ಳಿ. ಅಂಚು ಚೂಪು, ಹಾಗಾಗಿ ಕತ್ತರಿ ದೊಡ್ಡವರ ಕೈಯಲ್ಲಿರಲಿ. ದೆನಾರಿಯಸ್ ನಮ್ಮ ಒಂದು ರೂಪಾಯಿಗಿಂತ ತುಸು ಚಿಕ್ಕದು. ಮಕ್ಕಳ ಕೈಗೆ ಹತ್ತು ರೂಪಾಯಿ ನಾಣ್ಯದ ಅಳತೆಯೇ ಸಲೀಸು. ತಗಡನ್ನು ಮಡಿಸಿದ ಪೇಪರಿನ ಮೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಕು. ತಿರುಗಿಸಿದರೆ ಚಿತ್ರ ಉಬ್ಬಿ ಬಂದಿರುತ್ತದೆ.

ನಮ್ಮ ಹುಡುಗ ಪಕ್ಕದಿಂದ ಕಾಣುವ ತನ್ನದೇ ಮುಖ ಬಿಡಿಸಿ, ಸುತ್ತ ಹೆಸರು ಕೆತ್ತಿ, ತಿರುಗಿಸಿ ನೋಡಿದ. ಹೆಸರು ಉಲ್ಟಾ! ಕನ್ನಡಿಯಲ್ಲಿ ಕಂಡ ಹಾಗೆ. ಮೊದಲು ಸಿಟ್ಟು, ಆಮೇಲೆ ಯೋಚನೆ. ರೋಮಿನ ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಅಚ್ಚು ಕೆತ್ತುವವನು ಎಲ್ಲವನ್ನೂ ಉಲ್ಟಾ, ಅದೂ ತಗ್ಗಾಗಿ ಕೆತ್ತಬೇಕಿತ್ತು. “ದಿನಾ ಹಿಂಗೇ ಬರೀತಿದ್ನಾ ಅವನು?” ಎಂದ. ಚಕ್ರವರ್ತಿಯ ಹೆಸರು ಬಾಯಿಪಾಠ ಮಾಡಿದ್ದರೆ ಆ ಕೆಲಸಗಾರ ಅವನ ತಲೆಗೆ ಬರುತ್ತಲೇ ಇರಲಿಲ್ಲ.

ಕರಗಿಹೋದ ವೀರಗಲ್ಲು

ಎರಡನೆಯದಕ್ಕೆ ಜೇಡಿಮಣ್ಣು ಬೇಕಿತ್ತು. ಕಂಟೋನ್ಮೆಂಟ್ ಸ್ಟೇಷನ್ನಿನ ಆಚೆಗಿರುವ ಪಾಟರಿ ಟೌನ್‌ಗೆ ಹೋದೆವು. ಗಣಪತಿ, ಹಣತೆ, ಮಡಕೆ ಮಾಡುವ ಕುಂಬಾರರ ಬೀದಿ ಅದು. ಕೇಳಿದರೆ ಹದ ಮಾಡಿದ ಮಣ್ಣು ಒಂದು ಮುದ್ದೆ ಸಿಗುತ್ತದೆ. ಹೆಬ್ಬೆರಳು ದಪ್ಪ ಹಲಗೆಯ ಹಾಗೆ ತಟ್ಟಿ, ಅರ್ಧ ದಿನ ನೆರಳಲ್ಲಿಟ್ಟರೆ ಕೆತ್ತಲು ಹದವಾಗುತ್ತದೆ. ಬಿಸಿಲಿಗಿಟ್ಟರೆ ಬಿರುಕು ಖಚಿತ.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಹಣೆಯಲ್ಲಿ ಸೂರ್ಯ ಚಂದ್ರ. ಬೆಂಗಳೂರು ಎಂಬ ಹೆಸರನ್ನು ಸುಮಾರು 890ರಷ್ಟು ಹಿಂದೆಯೇ ದಾಖಲಿಸಿದ ಬೇಗೂರಿನ ಶಾಸನವೂ ಕಾಳಗದಲ್ಲಿ ಸತ್ತವನ ಕಲ್ಲೇ. ನಮ್ಮ ಹುಡುಗನಿಗೆ ಹಿಡಿಸಿದ್ದು ಮಾತ್ರ ಆತಕೂರಿನ ಕಲ್ಲು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ಯೋಧನಿಗೆ ಗಂಗರ ಅರಸ ಬೂತುಗ “ಏನು ಬೇಕೋ ಕೇಳು” ಅಂದನಂತೆ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹೋಗುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.

ನಾಯಿ, ಹಂದಿ, ಕೆಳಗೆ ಎರಡು ಸಾಲು ಬರಹ. ಮರುದಿನಕ್ಕೆ ಒಣಗಿತ್ತು. ಇನ್ನು ಅಚ್ಚು ತೆಗೆಯಬೇಕು. ಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿಯುಂಡೆ ಒತ್ತುವುದು ಶಾಸನತಜ್ಞರ ಕ್ರಮ. ಕಾಗದ ಕಪ್ಪಾಗುತ್ತದೆ, ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಇಲ್ಲಿ ಉಲ್ಟಾ ಆಗುವ ತಾಪತ್ರಯವಿಲ್ಲ. ನಾವೂ ಹಾಗೇ ಒದ್ದೆ ಕಾಗದ ಹಾಸಿ, ಹಳೇ ಶೂ ಬ್ರಷ್ಷಿನಿಂದ ತಟ್ಟಿದೆವು. ಕಾಗದ ಎತ್ತಿದರೆ ಕಾಳಿಯೂ ಇಲ್ಲ, ಹಂದಿಯೂ ಇಲ್ಲ. ಬರೀ ಕೆಸರು. ಸುಡದ ಮಣ್ಣಿಗೆ ನೀರು ತಾಕಿಸಿದ ದಡ್ಡತನ ನನ್ನದೇ.

ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, “ಅದಕ್ಕೇ ಕಲ್ಲಲ್ಲಿ ಬರೆದಿದ್ದಾ?” ಎಂದ. ಅದಕ್ಕೇ.

ಕೊನೆಗೆ ಕೈಹಿಡಿದದ್ದು ಥರ್ಮಾಕೋಲ್ ತಟ್ಟೆಯೇ. ಬಾಲ್‌ಪೆನ್ನಿನಿಂದ ಆಳವಾಗಿ ಕೊರೆದು, ತೆಳು ಕಾಗದ ಒದ್ದೆ ಮಾಡಿ ಹಾಸಿ ತಟ್ಟಿ, ಮುಕ್ಕಾಲು ಒಣಗಿದ ಮೇಲೆ, ಬಟ್ಟೆಯಲ್ಲಿ ಕಟ್ಟಿದ ಹತ್ತಿಯುಂಡೆಗೆ ಕಪ್ಪು ಬಣ್ಣ ಹಚ್ಚಿ ಮೆಲ್ಲಗೆ ಒತ್ತಿದೆವು. ಬಿಳಿ ನಾಯಿ ಮೂಡಿತು! 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ ಹೀಗೆ ತೆಗೆಸಿದ ಅಚ್ಚುಗಳನ್ನು ಓದಿ ಓದಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳನ್ನು ತಂದದ್ದು. ಬೆಂಗಳೂರು ಜಿಲ್ಲೆಯ ಸಂಪುಟ 1905ರದ್ದು. ಈಗ ಮಿಥಿಕ್ ಸೊಸೈಟಿಯವರು ನಮ್ಮ ಊರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ಹಳೆಯ ತಮಿಳು ಶಾಸನಗಳಿವೆ, ಮಕ್ಕಳಿಗೆ ತೋರಿಸಿ. ನಿಜವಾದ ಕಲ್ಲಿನ ಮೇಲೆ ಮಾತ್ರ ಬಣ್ಣ, ಮಸಿ, ರಂಗೋಲಿಪುಡಿ ಏನನ್ನೂ ಹಚ್ಚಬಾರದು. ಫೋಟೊ ಸಾಕು.

ಇದ್ದಿಲು, ಹುಣಸೆಬೀಜ, ಹಳೇ ಪಂಚೆ

ಆಫೀಸುಗಳಲ್ಲಿ ‘ಕಡತ ಮೇಲಿನವರ ಟೇಬಲ್ಲಿನಲ್ಲಿದೆ’ ಅನ್ನುತ್ತೇವಲ್ಲ, ಆ ಕಡತ ಹಿಂದೆ ಕಪ್ಪು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲು ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ವರ್ತಕರ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು.

ಹುಣಸೆಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ನೀರಲ್ಲಿ ಕುದಿಸಿದರೆ ಗಂಜಿಯಂಥ ಅಂಟು ಬರುತ್ತದೆ. ಒಲೆಯ ಕೆಲಸ ದೊಡ್ಡವರದು. ಇದ್ದಿಲನ್ನು ಬೀದಿ ಕೊನೆಯ ಇಸ್ತ್ರಿ ಅಂಗಡಿಯಿಂದ ತಂದೆವು. ಅದನ್ನು ಕುಟ್ಟಿ ಜರಡಿ ಹಿಡಿಯುವಷ್ಟರಲ್ಲಿ ಹುಡುಗನ ಮುಖವೇ ಕಡತವಾಗಿತ್ತು. ಹಳೇ ಪಂಚೆಯ ತುಂಡಿಗೆ ಎರಡೂ ಕಡೆ ಮೂರು ಸಲ ಬಳಿದು, ಪ್ರತಿಸಲವೂ ಪೂರ್ತಿ ಒಣಗಿಸಬೇಕು. ಅವಸರ ಮಾಡಿದ ಕಡೆ ಮಡಿಕೆಯಲ್ಲಿ ಬಣ್ಣ ಉದುರಿತು. ಹುಡುಗ ಬಳಪ ಹಿಡಿದು, ಅಮ್ಮ ತನಗೆ ಕೊಡಬೇಕಾದ ಬಾಕಿಯನ್ನೆಲ್ಲ ಅದರಲ್ಲಿ ಬರೆದಿಟ್ಟ.

ಉಳಿದದ್ದು, ಹೋದದ್ದು

ಸೋಮವಾರ ಪ್ರಾಜೆಕ್ಟ್ ಸ್ಕೂಲಿಗೆ ಹೋಯಿತು. ನಾಣ್ಯ ಎರಡು ಮಾಡಿದ್ದೆವು. ಹೆಸರು ಸರಿಯಾಗಿ ಬಂದದ್ದನ್ನು ಕೊಟ್ಟು, ರಟ್ಟಿಗೆ ಅಂಟಿಸಿದ್ದ ಉಲ್ಟಾ ನಾಣ್ಯವನ್ನು ಪಾಟರಿ ಟೌನಿನ ಕುಡಿಕೆಯಲ್ಲಿಟ್ಟು ಅವರ ಮನೆ ತಾರಸಿಯ ಹೂಕುಂಡದಲ್ಲಿ ಹೂತನಂತೆ. ನೂರು ವರ್ಷ ಯಾರೂ ಮುಟ್ಟಬಾರದು ಎಂದು ಅಪ್ಪಣೆ ಬೇರೆ. ಹದಿನೈದನೇ ದಿನ ತಾನೇ ಅಗೆದ.

ಮತ್ತೆ ಫೋನು. “ದೊಡ್ಡಮ್ಮ, ರಟ್ಟು ಕೊಳೆತು ಹೋಗಿದೆ. ತಗಡು ಹಂಗೇ ಇದೆ, ಕುಡಿಕೆನೂ ಇದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ. “ಅವರ ಬೆಳ್ಳಿ ನಮ್ಮ ಹತ್ರ ಉಳೀತು. ನಮ್ಮ ಬಟ್ಟೆ, ಮೆಣಸು ಅವರ ಹತ್ರ ಉಳಿದಿಲ್ವಾ?”

ಬಟ್ಟೆ ಕೊಳೆಯುತ್ತದೆ, ಮೆಣಸು ಸಾರಿಗೆ ಹೋಗುತ್ತದೆ. ಆದರೂ ಒಂದು ಕಡೆ ಉಳಿದಿದೆ ಅಂದೆ. ಕೆಂಪು ಸಮುದ್ರದ ದಂಡೆಯಲ್ಲಿ ಬೆರೆನಿಕೆ ಅಂತ ಒಂದು ಹಳೇ ಬಂದರು. ಮಳೆ ಇಲ್ಲ, ಬರೀ ಒಣ ಮರಳು. ಅಲ್ಲಿ ಅಗೆದಾಗ ಇಂಡಿಯಾದ ಒಂದು ದೊಡ್ಡ ಗುಡಾಣದಲ್ಲಿ ಸುಮಾರು ಏಳೂವರೆ ಕೆ.ಜಿ. ಕರಿಮೆಣಸು ಸಿಕ್ಕಿತು. ನಮ್ಮ ಹತ್ತಿಬಟ್ಟೆಯ ಚೂರುಗಳೂ ಸಿಕ್ಕವು.

“ಯಾವ ದೇಶ ಅದು?”

“ಈಜಿಪ್ಟ್.”

“ದೊಡ್ಡಮ್ಮಾ!” ಆ ಕಡೆಯಿಂದ ಕೂಗು. “ಪಿರಮಿಡ್ ಮಾಡೋಣ ಅಂತ ನಾನು ಮೊದಲೇ ಹೇಳಿದ್ನಲ್ಲ!”