ಮಲಬದ್ಧತೆಯೂ ಕರುಳಿನ ಕೆರಳಿಕೆಯೂ

ಹೇಳಿಕೊಳ್ಳಲು ನಾಚಿ ಹೆಣ್ಣುಮಕ್ಕಳು ವರ್ಷಗಟ್ಟಲೆ ಮುಚ್ಚಿಡುವ ವ್ಯಾಧಿಗಳಲ್ಲಿ ಮಲಬದ್ಧತೆಯೂ ಒಂದು. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಶೋಧನೆ, ಗಟ್ಟಿಮಲ, ತಿಣುಕುವಿಕೆ, ಇವೇ ಇದರ ಕುರುಹುಗಳು. ಶಾಲೆಯಲ್ಲಿ ಶೌಚವನ್ನು ತಡೆಹಿಡಿದರೆ ದೊಡ್ಡ ಕರುಳು ಮಲದೊಳಗಿನ ನೀರನ್ನು ಇನ್ನಷ್ಟು ಹೀರಿ ಅದನ್ನು ಗಟ್ಟಿಮಾಡುವುದು, ಮರುದಿನ ನೋವು, ಆ ಭಯದಿಂದ ಮತ್ತೆ ತಡೆ.

ಇದಕ್ಕೆ ಮದ್ದಿಗಿಂತ ಮೊದಲು ಊಟವನ್ನು ತಿದ್ದತಕ್ಕದ್ದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮಗೆ ರಾಗಿಯು ಮನೆಯಲ್ಲಿಯೇ ಉಂಟಷ್ಟೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಬಿಳಿಯ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಮುದ್ದೆಯೊಡನೆ ಸೊಪ್ಪಿನ ಸಾರು, ಸೀಬೆಹಣ್ಣು, ಸಾಕಷ್ಟು ನೀರು, ಬೆಳಗಿನ ಉಪಾಹಾರವಾದ ಮೇಲೆ ಅವಸರವಿಲ್ಲದ ಶೌಚ, ಇವನ್ನು ರೂಢಿಮಾಡಿಸಿರಿ.

ವಾರವಾರವೂ ಹೊಟ್ಟೆನೋವು ಬಂದು, ಮಲವು ಒಮ್ಮೆ ಬಿಗಿದು ಒಮ್ಮೆ ಸಡಿಲವಾಗುವುದು ತಿಂಗಳುಗಟ್ಟಲೆ ನಡೆದರೆ ಅದು ಕೆರಳುವ ಕರುಳಿನ ವ್ಯಾಧಿಯಿದ್ದೀತು. ಇಂಥವರಿಗೆ ಅವರೆಕಾಳೂ ಗೋಧಿಯ ತೌಡೂ ಹೊಟ್ಟೆಯುಬ್ಬರವನ್ನು ಹೆಚ್ಚಿಸಬಲ್ಲವು. ನೀರಿನೊಡನೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿದ ಇಸಬಗೋಲು ಹಿತವಾದೀತು. ಪರೀಕ್ಷೆಯ ಚಿಂತೆಯೂ ಕರುಳನ್ನು ಕೆರಳಿಸುವುದುಂಟು.

ಮಲದಲ್ಲಿ ರಕ್ತ, ತೂಕದ ಇಳಿತ, ರಕ್ತಹೀನತೆ ಕಂಡರೆ ಮನೆಮದ್ದಿನಲ್ಲಿ ಕಾಲಹರಣಮಾಡದೆ ವೈದ್ಯರಲ್ಲಿಗೆ ಹೋಗಿರಿ. ತಾಯಂದಿರೇ, ನೀವೇ ಮಗಳನ್ನು ಕೇಳಿರಿ. ಅವಳು ತಾನಾಗಿ ಹೇಳಳು.